ನಿಯಂತ್ರಣ ವೋಲ್ಟೇಜಿನ ನಿರ್ಗಮ: ವಿದ್ಯುದ್ವಾದ್ಯಗಳ ವಿಮರ್ಶೆಗೆ ಒಂದು ಪ್ರಮಾಣ

೧

ವಿದ್ಯುತ್ತಿನಿಂದ ನಾದವನ್ನು ಹುಟ್ಟಿಸುವ ವಾದ್ಯಗಳಲ್ಲಿ ಸಿಂಥಸೈಜರ್ ಎಂಬುದು ಇಂದು ಎಲ್ಲರ ಕಿವಿಗೂ ಪರಿಚಿತವಾಗಿದೆ. ಚಲನಚಿತ್ರಗಳ ಹಾಡುಗಳಿಂದ ಮೊದಲ್ಗೊಂಡು ಉತ್ಸವಗಳ ವಾದ್ಯಗೋಷ್ಠಿಯವರೆಗೆ ಅದರ ಧ್ವನಿ ಕೇಳಿಬರದ ಸ್ಥಳ ವಿರಳ. ಆದರೆ ಅದನ್ನು ಕುರಿತ ವಿಮರ್ಶೆಯು ಬಹುಮಟ್ಟಿಗೆ ಒಂದೇ ಪ್ರಶ್ನೆಯ ಸುತ್ತ ಸುತ್ತುತ್ತಿರುವುದನ್ನು ಕಾಣುತ್ತೇವೆ. ಆ ಯಂತ್ರದ ಧ್ವನಿಯು ಪಿಟೀಲಿನಂತಿದೆಯೇ, ಕೊಳಲಿನಂತಿದೆಯೇ, ಅಥವಾ ಹಿಂದೆ ಯಾರೂ ಕೇಳದ ಹೊಸ ಧ್ವನಿಯೇ ಎಂಬುದೇ ಆ ಪ್ರಶ್ನೆ. ಹೊಗಳುವವರು ನಾದದ ಹೊಸತನವನ್ನು ಹೊಗಳುತ್ತಾರೆ. ತೆಗಳುವವರು ನಿರ್ಜೀವವಾದ ಅನುಕರಣವೆಂದು ತೆಗಳುತ್ತಾರೆ. ಇವರ ತೀರ್ಪುಗಳು ಬೇರೆ ಬೇರೆಯಾದರೂ ಇಬ್ಬರೂ ಹಿಡಿದಿರುವ ಪ್ರಮಾಣವೊಂದೇ: ಕಿವಿಗೆ ಬಿದ್ದ ನಾದದ ಬಣ್ಣ.

ಈ ಪ್ರಮಾಣವು ಸಾಲದೆಂದು ನನ್ನ ಅಭಿಪ್ರಾಯ. ಪದಗಳ ಇಂಪನ್ನು ಮಾತ್ರ ನೋಡಿ ಪದ್ಯದ ಬಂಧವನ್ನು ನೋಡದ ಕಾವ್ಯವಿಮರ್ಶೆ ಎಷ್ಟು ಅಪೂರ್ಣವೋ ಇದೂ ಅಷ್ಟೇ ಅಪೂರ್ಣವಾದುದು. ಅನಲಾಗ್ ಎಂಬ ಬಗೆಯ ಸಿಂಥಸೈಜರಿನಲ್ಲಿ ನಾದವಾಗಿ ಕೇಳಿಸುವ ವಿದ್ಯುತ್ತು ಒಂದು. ತಾನು ಕೇಳಿಸದೆ ಆ ನಾದವನ್ನು ಆಳುವ ವಿದ್ಯುತ್ತು ಮತ್ತೊಂದು. ಈ ಎರಡನೆಯದಕ್ಕೆ ‘ಕಂಟ್ರೋಲ್ ವೋಲ್ಟೇಜ್’ ಎಂದು ಹೆಸರು. ಇಲ್ಲಿ ಅದನ್ನು ನಿಯಂತ್ರಣ ವೋಲ್ಟೇಜು ಎನ್ನೋಣ. ಯಂತ್ರದ ಫಲಕದಲ್ಲಿ ತಂತಿ ಸಿಕ್ಕಿಸಿ ಅದನ್ನು ಹೊರಕ್ಕೆ ಪಡೆಯುವ ರಂಧ್ರವುಂಟು. ಕುಶಲಿಗಳು ‘ಔಟ್‌ಪುಟ್’ ಎಂದು ಕರೆಯುವ ಈ ಸ್ಥಾನಕ್ಕೆ ನಿರ್ಗಮವೆಂಬ ಹೆಸರು ಒಪ್ಪುತ್ತದೆ. ವಾದಕನ ಕೈಯ ಒಂದು ಕ್ರಿಯೆಯಲ್ಲಿ ಯಾವ ಯಾವ ಅಂಶಗಳನ್ನು ಬಿಡಿಸಿ ನಿರ್ಗಮಗಳಾಗಿ ಕೊಡಬೇಕೆಂದು ಯಂತ್ರಕಾರನು ನಿಶ್ಚಯಿಸುತ್ತಾನೆಯೋ, ಆ ನಿಶ್ಚಯದಲ್ಲಿಯೇ ವಾದ್ಯದ ಸಂಗೀತಾಭಿಪ್ರಾಯವು ಅಡಗಿರುತ್ತದೆ. ಅದರ ಮೇಲೆ ರಚಿತವಾದ ಕೃತಿಗಳನ್ನು ತೂಗುವಾಗಲೂ ಇದನ್ನು ಮೊದಲು ನೋಡಬೇಕೆಂದು ತೋರಿಸುವುದೇ ಈ ಲೇಖನದ ಉದ್ದೇಶ. ಈ ವಾದ್ಯವು ಗಮಕವನ್ನು ಸಹಿಸದು ಎಂದು ನಮ್ಮವರು ಹೇಳುತ್ತ ಬಂದಿರುವ ಆಕ್ಷೇಪಕ್ಕೂ ಇದರಿಂದ ಉತ್ತರ ದೊರೆಯುವುದೆಂದು ನಂಬಿದ್ದೇನೆ.

೨

ಮೊದಲು ವಸ್ತುವಿನ ಸ್ವರೂಪವನ್ನು ಸ್ವಲ್ಪ ವಿಚಾರಿಸೋಣ. ಅನಲಾಗ್ ಎಂದರೆ ಸಾದೃಶ್ಯವುಳ್ಳದ್ದು ಎಂದರ್ಥ. ಇಂತಹ ಯಂತ್ರದಲ್ಲಿ ವಿದ್ಯುತ್ತಿನ ಏರಿಳಿತವು ನಾದದ ಏರಿಳಿತಕ್ಕೆ ಸದೃಶವಾಗಿ ಎಡೆಬಿಡದೆ ಹರಿಯುತ್ತದೆ. ನಡುವೆ ಅಂಕಿಗಳ ಲೆಕ್ಕಾಚಾರವಿಲ್ಲ. ಅದರ ಮುಖ್ಯಾಂಗಗಳು ಮೂರು: ಕಂಪನವನ್ನು ಹುಟ್ಟಿಸುವ ಆಂದೋಲಕ, ಆ ಕಂಪನದಲ್ಲಿ ಸೇರಿರುವ ಉಪನಾದಗಳಲ್ಲಿ ಕೆಲವನ್ನು ಬಿಟ್ಟು ಕೆಲವನ್ನು ತಡೆಯುವ ಶೋಧಕ, ಮತ್ತು ಬಲವನ್ನು ಹೆಚ್ಚು ಕಡಮೆ ಮಾಡುವ ವರ್ಧಕ. ಇವು ಮೂರೂ ಸಿಂಥಸೈಜರಿಗಿಂತ ಹಳೆಯವು. ಹಿಂದೆ ಇವುಗಳ ಗುಂಡಿಗಳನ್ನು ಕೈಯಿಂದ ತಿರುಗಿಸಬೇಕಾಗಿದ್ದಿತು. ಒಂದು ಅಂಗದ ವಿದ್ಯುತ್ತೇ ಇನ್ನೊಂದು ಅಂಗದ ಗುಂಡಿಯನ್ನು ತಿರುಗಿಸುವಂತೆ ಮಾಡಿದುದೇ ಹೊಸತು.

ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಟ್ರೂಮನ್ಸ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ ರಾಬರ್ಟ್ ಮೋಗ್ ಎಂಬವರು, ಸಂಗೀತರಚಕರಾದ ಹರ್ಬರ್ಟ್ ಡಾಯ್ಚ್ ಅವರೊಡನೆ ಸೇರಿ, ೧೯೬೪ರಲ್ಲಿ ಈ ತತ್ತ್ವದ ಮೇಲೆ ಬಿಡಿ ಬಿಡಿ ಅಂಗಗಳನ್ನು ನಿರ್ಮಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ಸಮ್ಮೇಳನದಲ್ಲಿ ಮೋಗ್ ಅವರು ಇದನ್ನು ಕುರಿತು ಪ್ರಬಂಧವನ್ನು ಮಂಡಿಸಿದರು. ಅವರು ಅಂಗೀಕರಿಸಿದ ಅಳತೆಯೂ ಮುಖ್ಯವಾದುದು: ಒಂದು ಸ್ಥಾಯಿಗೆ ಒಂದು ವೋಲ್ಟು. ಸೊನ್ನೆ ವೋಲ್ಟಿಗೆ ಆಂದೋಲಕವು ಸೆಕೆಂಡಿಗೆ ೨೨೦ ಸಲ ಕಂಪಿಸುವಂತೆ ಹೊಂದಿಸಿದೆಯೆಂದು ಇಟ್ಟುಕೊಳ್ಳೋಣ. ಆಗ ೧ ವೋಲ್ಟಿಗೆ ೪೪೦ ಕಂಪನಗಳೂ ೨ ವೋಲ್ಟಿಗೆ ೮೮೦ ಕಂಪನಗಳೂ ಆಗುವುವು. ಸ್ಥಾಯಿಯನ್ನು ಹನ್ನೆರಡು ಸ್ವರಸ್ಥಾನಗಳಾಗಿ ಸಮವಾಗಿ ಹಂಚಿದರೆ ಒಂದೊಂದು ಸ್ವರಸ್ಥಾನಕ್ಕೆ ಸುಮಾರು ೮೩ ಮಿಲಿವೋಲ್ಟು ಬರುತ್ತದೆ.

ಇದು ಬರಿಯ ಎಂಜಿನಿಯರನ ಅನುಕೂಲಕ್ಕಾಗಿ ಮಾಡಿದ ಅಳತೆಯಲ್ಲ. ಕಂಪನಸಂಖ್ಯೆಗಳನ್ನು ಗುಣಿಸುವ ಕೆಲಸವು ಇಲ್ಲಿ ವೋಲ್ಟುಗಳನ್ನು ಕೂಡಿಸುವ ಕೆಲಸವಾಗಿ ಮಾರ್ಪಟ್ಟಿದೆ. ಒಂದು ರಾಗಮಾಲೆಯನ್ನು ನಡೆಸುತ್ತಿರುವ ವೋಲ್ಟೇಜಿಗೆ ಸ್ಥಿರವಾದ ಇನ್ನೊಂದು ವೋಲ್ಟೇಜನ್ನು ಕೂಡಿಸಿದರೆ, ಗಾಯಕನು ಆಧಾರಶ್ರುತಿಯನ್ನು ಏರಿಸಿಕೊಂಡು ಹಾಡಿದಂತೆ ಇಡೀ ಮಾಲೆಯು ಮೇಲಕ್ಕೆ ಹೋಗುತ್ತದೆ; ಸ್ವರಗಳ ಪರಸ್ಪರ ಅಂತರವು ಕೆಡುವುದಿಲ್ಲ. ಅದೇ ವೋಲ್ಟೇಜಿಗೆ ನಿಧಾನವಾಗಿ ತೂಗುವ ಮತ್ತೊಂದನ್ನು ಕೂಡಿಸಿದರೆ ಸ್ವರವು ಕಂಪಿಸುತ್ತದೆ. ಆ ಕಂಪದ ಅಗಲವು ಮಂದ್ರದಲ್ಲಿಯೂ ತಾರದಲ್ಲಿಯೂ ಕಿವಿಗೆ ಒಂದೇ ಆಗಿರುತ್ತದೆ. ಜಪಾನಿನ ಕೋರ್ಗ್ ಸಂಸ್ಥೆಯು ೧೯೭೮ರಲ್ಲಿ ಹೊರತಂದ ಎಂಎಸ್-೨೦ ಎಂಬ ವಾದ್ಯದಲ್ಲಿ ಬೇರೊಂದು ಅಳತೆಯುಂಟು. ಅಲ್ಲಿ ಒಂದೊಂದು ಸ್ಥಾಯಿ ಏರುವಾಗಲೂ ವೋಲ್ಟೇಜು ಇಮ್ಮಡಿಯಾಗಬೇಕು: ೧, ೨, ೪, ೮ ಎಂಬಂತೆ. ಈ ಅಳತೆಯಲ್ಲಿಯೂ ಸ್ವರಗಳನ್ನು ಸರಿಯಾಗಿಯೇ ನುಡಿಸಬಹುದು. ಆದರೆ ಸ್ಥಿರವಾದ ವೋಲ್ಟೇಜನ್ನು ಕೂಡಿಸಿದೊಡನೆ ಕೆಳಗಿನ ಸ್ವರಗಳು ಹೆಚ್ಚಾಗಿಯೂ ಮೇಲಿನವು ಕಡಮೆಯಾಗಿಯೂ ಸರಿದು ಮಾಲೆಯ ಅಂತರಗಳು ಕೆಟ್ಟುಹೋಗುವುವು. ನಿರ್ಗಮದಿಂದ ಹೊರಡುವುದು ಎರಡರಲ್ಲಿಯೂ ವೋಲ್ಟೇಜೇ. ಆದರೆ ಮೊದಲನೆಯದರಲ್ಲಿ ಅದು ಸ್ವರಾಂತರದ ಭಾಷೆಯನ್ನಾಡುತ್ತದೆ, ಎರಡನೆಯದರಲ್ಲಿ ಕಂಪನಸಂಖ್ಯೆಯ ಭಾಷೆಯನ್ನಾಡುತ್ತದೆ. ಕಿವಿಗೆ ಹತ್ತಿರವಾದುದು ಯಾವುದೆಂದು ಬೇರೆ ಹೇಳಬೇಕಾದುದಿಲ್ಲ.

೩

ಇನ್ನು ನಿರ್ಗಮಗಳ ವಿಷಯ. ಮೋಗ್ ಅವರ ವಾದ್ಯದ ಮುಖ್ಯವಾದ ನಿಯಂತ್ರಣಸ್ಥಾನವು ಹಾರ್ಮೋನಿಯಮ್ಮಿನ ಮನೆಗಳಂತಹ ಕೀಲಿಮಣೆ. ಒಂದು ಮನೆಯನ್ನು ಒತ್ತಿದರೆ ಅದರಿಂದ ಎರಡು ಸಂಗತಿಗಳು ಬೇರೆ ಬೇರೆಯಾಗಿ ಹೊರಡುತ್ತವೆ. ಯಾವ ಮನೆ ಎಂಬುದನ್ನು ತಿಳಿಸುವ ವೋಲ್ಟೇಜು ಒಂದು. ಯಾವಾಗ ಒತ್ತಿತು, ಯಾವಾಗ ಬಿಟ್ಟಿತು ಎಂಬುದನ್ನು ತಿಳಿಸುವ ‘ಟ್ರಿಗರ್’ ಎಂಬ ಸನ್ನೆ ಇನ್ನೊಂದು. ಬೆರಳನ್ನು ತೆಗೆದ ಮೇಲೂ ಮೊದಲಿನ ವೋಲ್ಟೇಜು ಹಾಗೆಯೇ ನಿಂತಿರುತ್ತದೆ. ಇಲ್ಲದಿದ್ದರೆ ಆರುತ್ತಿರುವ ನಾದವು ಸ್ವರ ತಪ್ಪಿ ಬೀಳುತ್ತಿದ್ದಿತು. ಎರಡು ಮನೆಗಳನ್ನು ಒಟ್ಟಿಗೆ ಒತ್ತಿದರೆ ಕೆಳಗಿನದರ ವೋಲ್ಟೇಜು ಮಾತ್ರ ಹೊರಡುತ್ತದೆ. ಪಿಯಾನೋ ವಾದ್ಯದಲ್ಲಿ ಒಂದೇ ಕ್ರಿಯೆಯಾಗಿದ್ದುದು ಇಲ್ಲಿ ಎರಡಾಗಿ ಸೀಳಿತು: ಸ್ವರಸ್ಥಾನ ಮತ್ತು ಕಾಲ. ಈ ಎರಡನ್ನೂ ಬೇರೆ ಬೇರೆ ತಂತಿಗಳಲ್ಲಿ ಎಲ್ಲಿಗೆ ಬೇಕಾದರೂ ಒಯ್ಯಬಹುದು. ಸ್ವರಸ್ಥಾನದ ವೋಲ್ಟೇಜನ್ನು ಆಂದೋಲಕಕ್ಕೆ ಕೊಡದೆ ಶೋಧಕಕ್ಕೆ ಕೊಟ್ಟರೆ, ಸ್ವರವು ನಿಂತಲ್ಲಿಯೇ ನಿಂತು ಅದರ ಬಣ್ಣ ಮಾತ್ರ ಮನೆಯಿಂದ ಮನೆಗೆ ಬದಲಾಗುವುದು.

ಇದೇ ಕಾಲದಲ್ಲಿ ಆ ದೇಶದ ಪಶ್ಚಿಮತೀರದ ಸ್ಯಾನ್ ಫ್ರಾನ್ಸಿಸ್ಕೋ ನಗರದ ಟೇಪ್ ಮ್ಯೂಸಿಕ್ ಸೆಂಟರಿನಲ್ಲಿದ್ದ ಮಾರ್ಟನ್ ಸುಬಾಟ್ನಿಕ್ ಮತ್ತು ರಾಮೋನ್ ಸೆಂಡರ್ ಎಂಬ ರಚಕರು ಡಾನ್ ಬುಕ್ಲಾ ಅವರಿಂದ ಒಂದು ವಾದ್ಯವನ್ನು ಮಾಡಿಸಿಕೊಂಡರು. ಬುಕ್ಲಾ ಅವರು ಕರಿ ಮನೆ ಬಿಳಿ ಮನೆಗಳ ಕೀಲಿಮಣೆಯನ್ನು ಬಿಟ್ಟು ಸ್ಪರ್ಶಫಲಕಗಳನ್ನಿಟ್ಟರು. ಅವುಗಳಿಂದ ಎಷ್ಟು ವೋಲ್ಟೇಜು ಹೊರಡಬೇಕೆಂಬುದನ್ನು ವಾದಕನೇ ಗುಂಡಿಗಳಿಂದ ಹೊಂದಿಸಿಕೊಳ್ಳಬೇಕು. ಬೆರಳಿನ ಒತ್ತಡವೂ ಬೇರೊಂದು ವೋಲ್ಟೇಜಾಗಿ ದೊರೆಯುತ್ತದೆ. ಕೇಳಿಸುವ ವಿದ್ಯುತ್ತಿಗೆ ಒಂದು ಬಗೆಯ ರಂಧ್ರ, ಆಳುವ ವಿದ್ಯುತ್ತಿಗೆ ಇನ್ನೊಂದು ಬಗೆಯ ರಂಧ್ರ. ಒಂದರ ತಂತಿ ಇನ್ನೊಂದಕ್ಕೆ ಹಿಡಿಸದು. ಮೋಗ್ ಅವರ ವಾದ್ಯದಲ್ಲಿ ಈ ಭೇದವಿಲ್ಲ. ಅಲ್ಲಿ ನಾದವೇ ಇನ್ನೊಂದು ನಾದವನ್ನು ಆಳಲೂಬಹುದು.

ಈ ಎರಡು ಏರ್ಪಾಡುಗಳಲ್ಲಿ ಎರಡು ಸಂಗೀತಮತಗಳನ್ನು ಕಾಣುತ್ತೇವೆ. ಹನ್ನೆರಡು ಸ್ವರಸ್ಥಾನಗಳು ಮೊದಲೇ ಸಿದ್ಧವಾಗಿವೆ, ವಾದಕನು ಅವುಗಳಲ್ಲಿ ಆರಿಸಿಕೊಳ್ಳುವವನು ಎಂಬುದು ಮೋಗ್ ಕೀಲಿಮಣೆಯ ಮತ. ಸ್ವರಸ್ಥಾನಗಳನ್ನು ಒಂದೊಂದು ಕೃತಿಗೂ ಹೊಸದಾಗಿ ನಿರ್ಮಿಸಿಕೊಳ್ಳಬೇಕು ಎಂಬುದು ಬುಕ್ಲಾ ಫಲಕದ ಮತ. ತಮ್ಮ ವಾದ್ಯವನ್ನು ಸಿಂಥಸೈಜರ್ ಎಂದು ಕರೆಯುವುದು ಬುಕ್ಲಾ ಅವರಿಗೆ ಹಿಡಿಸುತ್ತಿರಲಿಲ್ಲ. ಆ ಹೆಸರಿನಲ್ಲಿ ಕೃತಕ ಅನುಕರಣದ ಸೂಚನೆಯಿರುವುದನ್ನು ನೋಡಿದರೆ ಅವರ ಅಸಮ್ಮತಿಯು ಸಕಾರಣವಾದುದೆಂದೇ ತೋರುತ್ತದೆ.

ಛಂದಶ್ಶಾಸ್ತ್ರದ ದೃಷ್ಟಾಂತವೊಂದು ಇಲ್ಲಿ ಸಹಾಯಕ್ಕೆ ಬರಬಹುದು. ಲಘುಗುರುಗಳ ಪ್ರಸ್ತಾರಕ್ಕೆ ತನ್ನದೇ ಆದ ಅರ್ಥವಿಲ್ಲ. ಅದನ್ನು ಯಾವ ಮಾತುಗಳಿಂದ ಬೇಕಾದರೂ ತುಂಬಬಹುದು. ತುಂಬಿದ ಮೇಲೆ ಮಾತಿನ ನಡೆಯನ್ನು ಆಳುವುದು ಪ್ರಸ್ತಾರವೇ. ನಿಯಂತ್ರಣ ವೋಲ್ಟೇಜೂ ಅಂತಹದೇ: ಕೇಳಿಸದ, ಆದರೆ ಕೇಳಿಸುವುದನ್ನು ನಡೆಸುವ ಆಕಾರ. ಆದರೆ ದೃಷ್ಟಾಂತವು ಒಂದು ಹಂತಕ್ಕೆ ನಿಲ್ಲುತ್ತದೆ. ವೃತ್ತವು ಅಕ್ಷರದ ಕಾಲವನ್ನು ಮಾತ್ರ ಆಳಬಲ್ಲದು. ವೋಲ್ಟೇಜಿನ ಒಂದೇ ಆಕಾರವು ಸ್ವರದ ಎತ್ತರವನ್ನೂ, ಬಣ್ಣವನ್ನೂ, ಬಲವನ್ನೂ, ಇವೆಲ್ಲವನ್ನೂ ಒಟ್ಟಿಗೆ ಬೇಕಾದರೂ ಆಳಬಲ್ಲದು. ಹೀಗೆ ವಾದ್ಯದ ಶಕ್ತಿಯು ನಿರ್ಗಮಗಳ ಸಂಖ್ಯೆಯನ್ನೂ ಸ್ವಭಾವವನ್ನೂ ಅವಲಂಬಿಸಿದೆ.

೪

ಈ ಪ್ರಮಾಣವನ್ನು ಎರಡು ಪ್ರಸಿದ್ಧ ಕೃತಿಗಳ ಮೇಲೆ ಪ್ರಯೋಗಿಸಿ ನೋಡೋಣ. ೧೯೬೭ರಲ್ಲಿ ನಾನ್‌ಸಚ್ ಎಂಬ ಧ್ವನಿಮುದ್ರಿಕಾ ಸಂಸ್ಥೆಗಾಗಿ ಸುಬಾಟ್ನಿಕ್ ಅವರು ಬುಕ್ಲಾ ವಾದ್ಯದಲ್ಲಿ ರಚಿಸಿದ ‘ಸಿಲ್ವರ್ ಆಪಲ್ಸ್ ಆಫ್ ದಿ ಮೂನ್’ ಒಂದು. ೧೯೬೮ರಲ್ಲಿ ಕೊಲಂಬಿಯಾ ಸಂಸ್ಥೆಯಿಂದ ಪ್ರಕಟವಾದ, ಮೋಗ್ ವಾದ್ಯದಲ್ಲಿ ವೆಂಡಿ ಕಾರ್ಲೋಸ್ ಅವರು ನುಡಿಸಿದ ‘ಸ್ವಿಚ್ಡ್-ಆನ್ ಬಾಖ್’ ಇನ್ನೊಂದು. ಮೊದಲನೆಯದು ಹೆಸರನ್ನು ಯೇಟ್ಸ್ ಕವಿಯಿಂದ ಪಡೆದ ಸ್ವತಂತ್ರ ರಚನೆ. ಎರಡನೆಯದು ಜರ್ಮನಿಯ ಹದಿನೆಂಟನೆಯ ಶತಮಾನದ ಮಹಾರಚಕನ ಕೃತಿಗಳ ಪುನರ್ವಾದನ. ಎರಡನೆಯದು ಅಪಾರ ಜನಪ್ರಿಯತೆಯನ್ನು ಪಡೆದು ೧೯೭೦ರಲ್ಲಿ ಮೂರು ಗ್ರ್ಯಾಮಿ ಪ್ರಶಸ್ತಿಗಳನ್ನು ಗಳಿಸಿತು.

ನಾದದ ಬಣ್ಣವೊಂದೇ ಪ್ರಮಾಣವಾದರೆ ಕಾರ್ಲೋಸ್ ಅವರ ಕೃತಿಯನ್ನು ಹಳೆಯ ಸಂಗೀತಕ್ಕೆ ತೊಡಿಸಿದ ಹೊಸ ಉಡುಪೆಂದು ಹೇಳಿ ಮುಗಿಸಬೇಕಾಗುತ್ತದೆ. ಹಾಗೆ ಹೇಳಿದವರೂ ಉಂಟು. ಆದರೆ ಅದರ ನಿಜವಾದ ಗುಣ ಬೇರೆ ಕಡೆಯಿದೆ. ಕೀಲಿಮಣೆಯ ನಿರ್ಗಮದಿಂದ ಒಂದು ಸಲಕ್ಕೆ ಹೊರಡುವುದು ಒಂದೇ ಸ್ವರ. ಆದಕಾರಣ ಪ್ರತಿಯೊಂದು ಪಂಕ್ತಿಯನ್ನೂ ಬೇರೆ ಬೇರೆಯಾಗಿ ನುಡಿಸಿ, ಎಂಟು ಪಥಗಳ ಟೇಪಿನ ಮೇಲೆ ಒಂದರ ಮೇಲೊಂದನ್ನು ಸೇರಿಸಬೇಕಾಯಿತು. ಇದು ಕೊರತೆಯೆಂದು ತೋರಬಹುದು. ಬಾಖನ ಸಂಗೀತವಾದರೋ ಹಲವು ಸ್ವತಂತ್ರ ಪಂಕ್ತಿಗಳು ಒಂದರೊಡನೊಂದು ಸಂವಾದಿಸುವ ಸಂಗೀತ. ಒಂದು ನಿರ್ಗಮ, ಒಂದು ಪಂಕ್ತಿ ಎಂಬ ಯಂತ್ರದ ನಿಯಮವೂ ಆ ಸಂಗೀತದ ಧರ್ಮವೂ ಇಲ್ಲಿ ಹೊಂದಿಕೊಂಡಿವೆ. ಸ್ವರಗಳ ನಡುವಣ ಸಣ್ಣ ಸಣ್ಣ ವಿರಾಮಗಳನ್ನು, ಹಿಡಿಯುವುದನ್ನು, ಬಿಡುವುದನ್ನು ವಾದಕಿಯು ತೀರ್ಮಾನಿಸಿರುವ ಸೂಕ್ಷ್ಮತೆಯನ್ನು ಕೇಳಿದರೆ, ಕಾಲದ ನಿರ್ಗಮವನ್ನು ಸ್ವರದ ನಿರ್ಗಮದಿಂದ ಬಿಡಿಸಿದುದರ ಪ್ರಯೋಜನವೇನೆಂದು ಮನದಟ್ಟಾಗುತ್ತದೆ. ಬೆರಳಿನ ವೇಗವನ್ನೂ ಒತ್ತಡವನ್ನೂ ಗ್ರಹಿಸುವ ಕೀಲಿಮಣೆಯನ್ನು ಅವರು ಮೋಗ್ ಅವರಿಂದ ವಿಶೇಷವಾಗಿ ಮಾಡಿಸಿಕೊಂಡದ್ದೂ ಇದಕ್ಕೆ ಸಾಕ್ಷಿ. ಅವರಿಗೆ ಬೇಕಾಗಿದ್ದುದು ಕೈಯ ಕ್ರಿಯೆಯ ಇನ್ನಷ್ಟು ಅಂಶಗಳು ನಿರ್ಗಮಗಳಾಗಿ ಬರುವುದು. ಆದರೂ ವೋಲ್ಟೇಜಿಗೆ ಸಹಜವಾದ ಒಂದು ಶಕ್ತಿ, ಎಂದರೆ ಎರಡು ಸ್ವರಸ್ಥಾನಗಳ ನಡುವಣ ಅವಿಚ್ಛಿನ್ನವಾದ ದಾರಿ, ಈ ಕೃತಿಯಲ್ಲಿ ಬಹುಮಟ್ಟಿಗೆ ಸುಮ್ಮನಿದೆ. ಬಾಖನಿಗೆ ಅದು ಬೇಕಾಗಿರಲಿಲ್ಲವಾದುದರಿಂದ ಇದನ್ನು ದೋಷವೆನ್ನಲಾಗದು. ಕೃತಿಯ ಮೇರೆ ಎಲ್ಲಿದೆಯೆಂದು ಮಾತ್ರ ಹೇಳುತ್ತಿದ್ದೇನೆ.

ಸುಬಾಟ್ನಿಕ್ ಅವರ ಕೃತಿಯಲ್ಲಿ ಕೀಲಿಮಣೆಯ ಸ್ಥಾನವನ್ನು ‘ಸೀಕ್ವೆನ್ಸರ್’ ಎಂಬ ಅನುಕ್ರಮಯಂತ್ರವು ಆಕ್ರಮಿಸಿದೆ. ಇದು ಮೊದಲೇ ಹೊಂದಿಸಿಟ್ಟ ವೋಲ್ಟೇಜುಗಳನ್ನು ಒಂದಾದಮೇಲೊಂದರಂತೆ ಹೊರಕ್ಕೆ ಕೊಡುತ್ತದೆ. ಬುಕ್ಲಾ ಅವರ ಮೊದಲ ಯಂತ್ರಗಳಲ್ಲಿ ಎಂಟು ಹೆಜ್ಜೆಗಳದು, ಹದಿನಾರು ಹೆಜ್ಜೆಗಳದು ಎಂದು ಎರಡು ಬಗೆ. ಒಂದೊಂದು ಹೆಜ್ಜೆಯಲ್ಲಿಯೂ ಮೂರು ವೋಲ್ಟೇಜುಗಳು ಮೂರು ನಿರ್ಗಮಗಳಿಂದ ಹೊರಡುತ್ತವೆ. ಹೀಗೆ ರಚಕನು ಸ್ವರಗಳನ್ನು ಬರೆಯುವುದಿಲ್ಲ; ಆಕಾರಗಳನ್ನು ಬರೆಯುತ್ತಾನೆ. ಅವು ಒಮ್ಮೆ ಸ್ವರದಲ್ಲಿ, ಒಮ್ಮೆ ಬಣ್ಣದಲ್ಲಿ, ಒಮ್ಮೆ ಬಲದಲ್ಲಿ ಮೂಡಬಹುದು. ಕೃತಿಯನ್ನು ಲಕ್ಷ್ಯವಿಟ್ಟು ಕೇಳುವವರಿಗೆ, ಹಿಂದೆ ಪರಿಚಯವಾದ ಆಕಾರವೊಂದು ಬೇರೆ ವೇಷದಲ್ಲಿ ಮರಳಿ ಬಂದಿತೆಂಬ ಅನುಭವವು ಹಲವು ಸಲ ಆಗುತ್ತದೆ. ಇದು ಈ ವಾದ್ಯಕ್ಕೇ ವಿಶಿಷ್ಟವಾದ ರಚನಾಸೌಂದರ್ಯ. ಇದರ ದೋಷವೂ ಅಲ್ಲಿಯೇ ಇದೆ. ತಾಳದ ಆವರ್ತದಲ್ಲಿ ಸಮವೆಂಬ ಸ್ಥಾನವುಂಟು. ಆವರ್ತವು ಅಲ್ಲಿಗೆ ಬಂದು ಸೇರುತ್ತದೆ, ಸೇರಿತೆಂಬ ತೃಪ್ತಿಯನ್ನು ಕೊಡುತ್ತದೆ. ಯಂತ್ರದ ಎಂಟು ಹೆಜ್ಜೆಗಳಿಗೆ ಮೊದಲು ಕೊನೆಗಳ ಭೇದ ಗೊತ್ತಿಲ್ಲ. ಆ ಭೇದವನ್ನು ರಚಕನೇ ಹೊರಗಿನಿಂದ ತಂದು ಕೊಡದಿದ್ದರೆ ಆವರ್ತವು ಬರಿಯ ಪುನರುಕ್ತಿಯಾಗುತ್ತದೆ. ಮೊದಲನೆಯ ಭಾಗದ ಕೆಲವೆಡೆ ಚದರಿದಂತೆ ಕಾಣುವ ರಚನೆಯು ಎರಡನೆಯ ಭಾಗದಲ್ಲಿ ಬಲವಾದ ಲಯದ ಮೇಲೆ ನಿಂತು ಈ ಅಪಾಯವನ್ನು ದಾಟಿದೆಯೆಂದು ನನ್ನ ಎಣಿಕೆ.

ಈ ಎರಡು ಕೃತಿಗಳಲ್ಲಿ ಯಾವುದು ಮೇಲು ಎಂಬ ಚರ್ಚೆಗಿಂತ, ಎರಡೂ ತಮ್ಮ ತಮ್ಮ ನಿರ್ಗಮಗಳಿಗೆ ತಕ್ಕ ಸಂಗೀತವನ್ನು ಕಂಡುಕೊಂಡವು ಎಂಬುದು ಮುಖ್ಯವಾದುದು.

೫

ಮುಂದಿನ ಚರಿತ್ರೆಯಲ್ಲಿ ನಿರ್ಗಮಗಳ ಭಾಗ್ಯವು ಏರುತ್ತ ಹೋಗಲಿಲ್ಲ. ೧೯೭೦ರಲ್ಲಿ ಹೊರಬಂದ ಮಿನಿಮೋಗ್ ಎಂಬ ಸಣ್ಣ ವಾದ್ಯವು ವೇದಿಕೆಯ ವಾದಕರಿಗೆ ಅಚ್ಚುಮೆಚ್ಚಾಯಿತು. ಅದರಲ್ಲಿ ಅಂಗಗಳ ಸಂಬಂಧವನ್ನು ಒಳಗೇ ಕಟ್ಟಿಹಾಕಿದ್ದರು, ತಂತಿಗಳ ಗೊಡವೆಯಿಲ್ಲ. ಹಿಂಭಾಗದಲ್ಲಿ ಹೊರಗಿನ ವೋಲ್ಟೇಜುಗಳು ಒಳಕ್ಕೆ ಬರುವ ರಂಧ್ರಗಳಿದ್ದವು. ಆದರೆ ಕೀಲಿಮಣೆಯ ಸ್ವರವೋಲ್ಟೇಜು ಹೊರಕ್ಕೆ ಹೋಗುವ ನಿರ್ಗಮವಿರಲಿಲ್ಲ. ಅಪ್ಪಣೆಯನ್ನು ಕೇಳಬಲ್ಲ, ಅಪ್ಪಣೆ ಕೊಡಲಾರದ ವಾದ್ಯವದು. ಅದರ ನಾದವು ಎಷ್ಟೇ ಪುಷ್ಟವಾಗಿದ್ದರೂ, ವಾದಕನು ಕೈಯಿಂದ ಮಾಡಿದುದು ನಾದವಾಗುವುದರ ಹೊರತು ಬೇರೊಂದಾಗುವ ದಾರಿ ಮುಚ್ಚಿಹೋಯಿತು. ೨೦೧೬ರಲ್ಲಿ ಅದೇ ವಾದ್ಯವನ್ನು ಪುನಃ ತಯಾರಿಸಿದಾಗ ಸ್ವರ, ಕಾಲ, ಬೆರಳಿನ ವೇಗ, ಒತ್ತಡ ಇವುಗಳ ನಿರ್ಗಮಗಳನ್ನು ಸೇರಿಸಿದರು. ನಾಲ್ವತ್ತಾರು ವರ್ಷಗಳ ಮೇಲೆ ಮಾಡಿದ ಈ ತಿದ್ದುಪಡಿಯು ಮೊದಲನೆಯ ಲೋಪಕ್ಕೆ ಸಾಕಾದ ವ್ಯಾಖ್ಯಾನವಾಗಿದೆ.

ಇನ್ನೊಂದು ದೊಡ್ಡ ಮಾರ್ಪಾಡು ೧೯೮೩ರಲ್ಲಿ ಬಂದಿತು. ಬೇರೆ ಬೇರೆ ಸಂಸ್ಥೆಗಳ ವಾದ್ಯಗಳು ಪರಸ್ಪರ ಮಾತನಾಡಲೆಂದು ‘ಮಿಡಿ’ ಎಂಬ ಅಂಕಿಗಳ ಸಂಕೇತವನ್ನು ಏರ್ಪಡಿಸಿದರು. ಇದರಿಂದಾದ ಉಪಕಾರ ಬಹಳ. ಅಳತೆಗಳ ಜಗಳ ತಪ್ಪಿತು. ಒಂದೇ ತಂತಿಯಲ್ಲಿ ಹದಿನಾರು ವಾದ್ಯಗಳನ್ನು ನಡೆಸುವುದು ಸಾಧ್ಯವಾಯಿತು. ಆದರೆ ಇಲ್ಲಿ ಸ್ವರವೆಂದರೆ ೦ಯಿಂದ ೧೨೭ರವರೆಗಿನ ಒಂದು ಕ್ರಮಾಂಕ. ಸ್ವರವನ್ನು ಬಾಗಿಸುವ ಸನ್ನೆ ಬೇರೆಯಾಗಿ ಉಂಟು. ಅದಾದರೋ ಆ ಪಂಕ್ತಿಯ ಸ್ವರಗಳೆಲ್ಲಕ್ಕೂ ಒಟ್ಟಾಗಿ ಅನ್ವಯಿಸತಕ್ಕದ್ದು. ಒಂದೊಂದು ಸ್ವರಕ್ಕೂ ತನ್ನದೇ ಬಾಗನ್ನು ಕೊಡುವ ಪದ್ಧತಿಯನ್ನು ಮಿಡಿಗೆ ಅಧಿಕೃತವಾಗಿ ಸೇರಿಸಿದುದು ೨೦೧೮ರಲ್ಲಿ. ವೋಲ್ಟೇಜಿನಲ್ಲಿ ಸ್ವರಸ್ಥಾನವೂ ಸ್ವರಸ್ಥಾನಗಳ ನಡುವಣ ದಾರಿಯೂ ಒಂದೇ ದ್ರವ್ಯ. ಅಂಕಿಯಲ್ಲಿ ಸ್ಥಾನವು ಮುಖ್ಯ, ದಾರಿಯು ಅನುಬಂಧ. ಈ ಭೇದವು ಪಾಶ್ಚಾತ್ಯ ಕೀಲಿಮಣೆಯ ಸಂಗೀತಕ್ಕೆ ಅಲ್ಪವಾಗಿ ತೋರಬಹುದು. ನಮ್ಮ ಸಂಗೀತಕ್ಕೆ ಅದು ಅಲ್ಪವಲ್ಲ.

೬

ಗಮಕದ ಆಕ್ಷೇಪವನ್ನು ಈಗ ಎತ್ತಿಕೊಳ್ಳಬಹುದು. ತೋಡಿರಾಗದಲ್ಲಿಯೂ ಖರಹರಪ್ರ್ರಿಯದಲ್ಲಿಯೂ ಬರುವುದು ಸಾಧಾರಣ ಗಾಂಧಾರವೇ. ಸ್ವರಸ್ಥಾನ ಒಂದೇ ಆದರೂ ಕಿವಿಯುಳ್ಳವರು ಒಂದನ್ನು ಇನ್ನೊಂದೆಂದು ತಿಳಿಯರು. ಏಕೆಂದರೆ ತೋಡಿಯ ಗಾಂಧಾರವು ತೂಗುವ ರೀತಿಯೇ ಬೇರೆ. ಕೀಲಿಮಣೆಯ ನಿರ್ಗಮವು ಈ ಎರಡಕ್ಕೂ ಒಂದೇ ವೋಲ್ಟೇಜನ್ನು ಕೊಡುತ್ತದೆ. ಆದುದರಿಂದ ಆಕ್ಷೇಪವು ನಿರಾಧಾರವಾದುದಲ್ಲ. ಆದರೆ ದೋಷವು ಯಾರದು? ವೋಲ್ಟೇಜಿಗೆ ಹನ್ನೆರಡೆಂಬ ಲೆಕ್ಕವಿಲ್ಲ. ಯಾವ ಬೆಲೆಯನ್ನಾದರೂ ಅದು ತಾಳಬಲ್ಲದು, ಯಾವ ದಾರಿಯಲ್ಲಾದರೂ ಹೋಗಬಲ್ಲದು. ಮೆಟ್ಟಿಲುಗಳನ್ನು ಕಟ್ಟಿದುದು ಕೀಲಿಮಣೆ.

ಕೀಲಿಮಣೆಯ ಪಕ್ಷದವರು ‘ಪೋರ್ಟಮೆಂಟೊ’ ಎಂಬ ಜಾರುವ ಏರ್ಪಾಡನ್ನು ತೋರಿಸಬಹುದು. ಅದರಲ್ಲಿ ವೋಲ್ಟೇಜು ಒಂದು ಮನೆಯಿಂದ ಇನ್ನೊಂದಕ್ಕೆ ಥಟ್ಟನೆ ನೆಗೆಯದೆ, ವಿದ್ಯುತ್ತನ್ನು ತುಂಬಿಕೊಳ್ಳುವ ಒಂದು ಉಪಕರಣದ ಮೂಲಕ ನಿಧಾನವಾಗಿ ಸರಿಯುತ್ತದೆ. ಮೊದಲು ವೇಗವಾಗಿ ಹೊರಟು ಗುರಿಯ ಬಳಿ ಮಂದವಾಗುವ ಒಂದೇ ಬಾಗು ಅದಕ್ಕೆ ಗೊತ್ತು. ಇದು ಎರಡು ಸ್ವರಗಳ ನಡುವಣ ಪ್ರಯಾಣವೇ ಹೊರತು ಗಮಕವಲ್ಲ. ಗಮಕದಲ್ಲಿ ಸ್ವರವು ಎಲ್ಲಿ ನಿಲ್ಲುತ್ತದೆ, ಎಲ್ಲಿ ತೂಗುತ್ತದೆ, ಯಾವ ಸ್ವರವನ್ನು ಮುಟ್ಟಿ ಮರಳುತ್ತದೆ ಎಂಬುದನ್ನು ಒಂದೊಂದು ಸಲವೂ ರಾಗವೂ ಗಾಯಕನೂ ನಿಶ್ಚಯಿಸಬೇಕು. ಇದಕ್ಕೆ ಬೇಕಾದುದು ಬೆರಳಿನ ಚಲನೆಯನ್ನು ಹಾಗೆ ಹಾಗೆಯೇ ವೋಲ್ಟೇಜಾಗಿ ಹೊರಕ್ಕೆ ಕೊಡುವ ನಿರ್ಗಮ.

ಅಂತಹ ನಿರ್ಗಮವು ಅಸಾಧ್ಯವಾಗಿರಲಿಲ್ಲ. ಮೋಗ್ ಅವರೇ ಬೆರಳನ್ನು ಉದ್ದಕ್ಕೂ ಜಾರಿಸುವ ‘ರಿಬ್ಬನ್’ ಎಂಬ ಪಟ್ಟಿಯನ್ನು ತಯಾರಿಸಿದ್ದರು. ಇನ್ನೂ ಹಿಂದಕ್ಕೆ ಹೋದರೆ, ಕೆನಡಾ ದೇಶದ ಹ್ಯೂ ಲ ಕೇನ್ ಅವರು ೧೯೪೫ರಿಂದ ೧೯೪೮ರವರೆಗೆ ನಿರ್ಮಿಸಿದ ‘ಎಲೆಕ್ಟ್ರಾನಿಕ್ ಸ್ಯಾಕ್‌ಬಟ್’ ಎಂಬ ವಾದ್ಯವುಂಟು. ವೋಲ್ಟೇಜಿನಿಂದ ಆಳಲ್ಪಡುವ ವಾದ್ಯಗಳಲ್ಲಿ ಅದು ಅತ್ಯಂತ ಹಳೆಯವುಗಳಲ್ಲೊಂದು. ಅದರ ಮನೆಯನ್ನು ಪಕ್ಕಕ್ಕೆ ಒತ್ತಿದರೆ ಸ್ವರವು ಬಾಗುತ್ತಿದ್ದಿತು. ಕೆಳಕ್ಕೆ ಒತ್ತಿದಷ್ಟೂ ಬಲವು ಹೆಚ್ಚುತ್ತಿದ್ದಿತು. ಎಡಗೈಯು ನಾದದ ಬಣ್ಣವನ್ನು ನೋಡಿಕೊಳ್ಳುತ್ತಿದ್ದಿತು. ಈ ಕಲೆಯ ಆರಂಭದಲ್ಲಿಯೇ ಅವಿಚ್ಛಿನ್ನವಾದ ದಾರಿಯು ತೆರೆದಿದ್ದಿತೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಭಾರತದಲ್ಲಿ ಏನಾಯಿತೆಂಬುದನ್ನೂ ನೋಡೋಣ. ೧೯೬೯ರಲ್ಲಿ ಅಮೆರಿಕದ ರಚಕರಾದ ಡೇವಿಡ್ ಟ್ಯೂಡರ್ ಅವರು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಮೋಗ್ ವಾದ್ಯವೊಂದನ್ನು ಸ್ಥಾಪಿಸಲು ನೆರವಾದರು. ೧೯೪೬ರಲ್ಲಿ ನ್ಯೂಯಾರ್ಕಿನಲ್ಲಿ ಜಾನ್ ಕೇಜ್ ಅವರಿಗೆ ಭಾರತೀಯ ಸಂಗೀತವನ್ನು ಪರಿಚಯ ಮಾಡಿಕೊಟ್ಟ ಗೀತಾ ಸಾರಾಭಾಯಿ ಅವರೂ ಅಲ್ಲಿ ಅದರ ಮೇಲೆ ರಚನೆ ಮಾಡಿದವರಲ್ಲೊಬ್ಬರು. ೧೯೭೨ರವರೆಗಿನ ಆ ಧ್ವನಿಮುದ್ರಣಗಳ ಸಂಕಲನವು ಸಾರ್ವಜನಿಕರ ಕೈಗೆ ಬಂದುದು ೨೦೨೩ರಲ್ಲಿ. ಅಷ್ಟು ಕಾಲ ಅವು ನಮ್ಮ ಚರ್ಚೆಗೆ ದೊರೆಯದೆ ಹೋದುದು ನಷ್ಟವೇ ಸರಿ. ವಿದ್ಯುದ್ವಾದ್ಯವೆಂದರೆ ಅನುಕರಣದ ಯಂತ್ರವೆಂಬ ಭಾವನೆಯು ನಮ್ಮಲ್ಲಿ ಬೇರೂರುವ ಮೊದಲೇ ಬೇರೊಂದು ದಾರಿಯನ್ನು ತುಳಿದ ಭಾರತೀಯರಿದ್ದರು.

೧೯೮೨ರಲ್ಲಿ ಮುಂಬಯಿಯ ಚಲನಚಿತ್ರವಾದಕರಾದ ಚರಣಜಿತ್ ಸಿಂಗ್ ಅವರು ಹತ್ತು ರಾಗಗಳನ್ನು ಡಿಸ್ಕೋ ಲಯಕ್ಕೆ ಹೊಂದಿಸಿ ಒಂದು ಧ್ವನಿಮುದ್ರಿಕೆಯನ್ನು ತಂದರು. ರೋಲೆಂಡ್ ಸಂಸ್ಥೆಯ ಜುಪಿಟರ್-೮, ಟಿಆರ್-೮೦೮, ಟಿಬಿ-೩೦೩ ಎಂಬ ಮೂರು ಯಂತ್ರಗಳು ಅವರ ಸಾಮಗ್ರಿ. ಆಗ ಅದನ್ನು ಗಮನಿಸಿದವರು ಕಡಮೆ. ೨೦೧೦ರಲ್ಲಿ ಪುನರ್ಮುದ್ರಣವಾದ ಮೇಲೆ ವಿದೇಶಗಳಲ್ಲಿ ಬಹಳ ಪ್ರಶಂಸೆ ಬಂದಿತು. ಆ ಪ್ರಶಂಸೆಯು ಮುಖ್ಯವಾಗಿ ಕಾಲಾನುಕ್ರಮದ್ದು: ೧೯೮೭ರಲ್ಲಿ ಷಿಕಾಗೋ ನಗರದ ನೃತ್ಯಸಂಗೀತದಲ್ಲಿ ಪ್ರಸಿದ್ಧವಾದ ಟಿಬಿ-೩೦೩ರ ಧ್ವನಿಯು ಐದು ವರ್ಷ ಮೊದಲೇ ಇಲ್ಲಿತ್ತು ಎಂಬುದು. ಕೃತಿಯನ್ನು ಕೃತಿಯಾಗಿ ನೋಡಿದರೆ ಹೇಳಬೇಕಾದುದು ಬೇರೆ. ಟಿಬಿ-೩೦೩ ಎಂಬುದು ಮಂದ್ರಪಂಕ್ತಿಯನ್ನು ತಾನಾಗಿ ನುಡಿಸುವ ಪುಟ್ಟ ಯಂತ್ರ. ಬೇರೆ ವಾದ್ಯಗಳನ್ನು ಆಳಲೆಂದು ನಿಯಂತ್ರಣ ವೋಲ್ಟೇಜಿನ ನಿರ್ಗಮವೂ ಅದರಲ್ಲುಂಟು. ಒಂದು ಹೆಜ್ಜೆಯಿಂದ ಇನ್ನೊಂದಕ್ಕೆ ಜಾರಬೇಕೇ ಬೇಡವೇ ಎಂದು ಗುರುತಿಡಬಹುದು. ಜಾರುವ ಕಾಲ ಮಾತ್ರ ನಿಯತವಾದುದು. ಒಂದು ಸ್ವರಸ್ಥಾನದ ದೂರಕ್ಕೂ ಒಂದು ಸ್ಥಾಯಿಯ ದೂರಕ್ಕೂ ಅದೇ ಕಾಲ. ರಾಗದ ಸ್ವರಗಳು ಇಲ್ಲಿ ಶುದ್ಧವಾಗಿವೆ, ಆರೋಹಾವರೋಹಗಳಿಗೆ ಲೋಪವಿಲ್ಲ, ಮೇಲಿನ ಪಂಕ್ತಿಯಲ್ಲಿ ವಾದಕನ ರಾಗಜ್ಞಾನವು ಸ್ಪಷ್ಟವಾಗಿ ಕೇಳಿಬರುತ್ತದೆ. ಕೆಳಗಿನ ಪಂಕ್ತಿಯಲ್ಲಿ ಜಾರುವಿಕೆಯು ರಾಗವನ್ನು ಲೆಕ್ಕಿಸದೆ ಎಲ್ಲೆಲ್ಲಿಯೂ ಒಂದೇ ಆಗಿದೆ. ಈ ಎರಡು ಪಂಕ್ತಿಗಳ ಘರ್ಷಣೆಯೇ ಕೃತಿಯ ರಸಸ್ಥಾನ. ಹತ್ತು ರಾಗಗಳ ನಂತರ ಕಿವಿಯು ಸೋಲುವುದಕ್ಕೂ ಅದೇ ಕಾರಣ.

೭

ಈ ಪ್ರಮಾಣಕ್ಕೆ ಎರಡು ಆಕ್ಷೇಪಗಳು ಬರಬಹುದು. ಸಂಗೀತಕ್ಕೆ ಕಿವಿಯೇ ಕೊನೆಯ ಪ್ರಮಾಣ, ಯಂತ್ರದ ರಂಧ್ರಗಳನ್ನು ಎಣಿಸುವುದರಿಂದೇನು ಎಂಬುದು ಮೊದಲನೆಯದು. ಕಿವಿಯೇ ಕೊನೆಯ ಪ್ರಮಾಣವೆಂಬುದನ್ನು ಒಪ್ಪುತ್ತೇನೆ. ಆದರೆ ಛಂದಸ್ಸನ್ನು ತಿಳಿದವನು ಪದ್ಯವನ್ನು ಹೆಚ್ಚಾಗಿ ಕೇಳುತ್ತಾನೆ. ಕವಿಗೆ ಯಾವುದು ಸುಲಭವಾಗಿದ್ದಿತು, ಯಾವುದನ್ನು ಅವನು ಗೆದ್ದುಕೊಂಡನು ಎಂಬುದು ಅವನಿಗೆ ತಿಳಿಯುತ್ತದೆ. ಹಾಗೆಯೇ ಯಂತ್ರವು ತಾನಾಗಿ ಕೊಟ್ಟುದು ಯಾವುದು, ರಚಕನು ಅದರಿಂದ ಪಡೆದುದು ಯಾವುದು ಎಂಬ ವಿವೇಕವು ನಿರ್ಗಮಗಳನ್ನು ಅರಿಯದವನಿಗೆ ಬರಲಾರದು. ನಿರ್ಗಮಗಳು ಹೆಚ್ಚಿದ ಮಾತ್ರಕ್ಕೆ ಸಂಗೀತವು ಹೆಚ್ಚುವುದೇ ಎಂಬುದು ಎರಡನೆಯ ಆಕ್ಷೇಪ. ಹೆಚ್ಚುವುದಿಲ್ಲ. ೧೯೯೦ರ ದಶಕದ ನಡುವೆ ಜರ್ಮನಿಯ ಡೀಟರ್ ಡೋಪ್ಫರ್ ಅವರು ಆರಂಭಿಸಿದ ಯೂರೋರ್‍ಯಾಕ್ ಪದ್ಧತಿಯಿಂದ ಬಿಡಿ ಅಂಗಗಳ ವಾದ್ಯಗಳು ಮತ್ತೆ ಬಳಕೆಗೆ ಬಂದು, ನೂರಾರು ನಿರ್ಗಮಗಳುಳ್ಳ ಪೆಟ್ಟಿಗೆಗಳು ಇಂದು ದೊರೆಯುತ್ತವೆ. ಅವುಗಳಿಂದ ಹೊರಟ ಕೃತಿಗಳೆಲ್ಲವೂ ಮಹಾಕೃತಿಗಳಲ್ಲ. ತಂತಿ ಸಿಕ್ಕಿಸುವ ವಿನೋದವೇ ರಚನೆಯೆಂದು ಭ್ರಮಿಸಿದವುಗಳೂ ಉಂಟು. ಆದಕಾರಣ ನಿರ್ಗಮಗಳ ಸಂಖ್ಯೆಯು ಗುಣವಲ್ಲ. ಇರುವ ನಿರ್ಗಮದಿಂದ ಹೊರಟ ಆಕಾರಕ್ಕೆ ಸಂಗೀತಾರ್ಥವು ಬಂದಿತೇ ಎಂಬುದೇ ಪರೀಕ್ಷೆ.

ವಿಮರ್ಶಕನು ಹೀಗೆ ಕೇಳಿಕೊಳ್ಳಬೇಕು: ಈ ವಾದ್ಯವು ಕೈಯ ಕ್ರಿಯೆಯಲ್ಲಿ ಯಾವುದನ್ನು ಬಿಡಿಸಿ ಕೊಡುತ್ತದೆ, ಯಾವುದನ್ನು ನುಂಗಿಬಿಡುತ್ತದೆ? ಬಿಡಿಸಿ ಕೊಟ್ಟುದನ್ನು ಕೃತಿಯು ಉಪಯೋಗಿಸಿಕೊಂಡಿತೇ? ನುಂಗಿದುದನ್ನು ಬೇರೆ ಯಾವ ಉಪಾಯದಿಂದಲಾದರೂ ತಂದುಕೊಂಡಿತೇ? ಈ ಪ್ರಶ್ನೆಗಳನ್ನು ಕೇಳಿದರೆ ಅನುಕರಣ, ಹೊಸತನ ಎಂಬ ಹಳೆಯ ಜಗಳವು ತಾನಾಗಿ ಹಿಂದೆ ಸರಿಯುತ್ತದೆ.

ನಮ್ಮ ಸಂಗೀತದ ಮಟ್ಟಿಗೆ ಫಲಿತಾಂಶವು ಸ್ಪಷ್ಟವಾಗಿದೆ. ಗಮಕವನ್ನು ಸಹಿಸದುದು ಕೀಲಿಮಣೆ ಮತ್ತು ಕ್ರಮಾಂಕ, ವೋಲ್ಟೇಜಲ್ಲ. ಈ ವಾದ್ಯವು ನಮ್ಮದಲ್ಲವೆಂದು ತಳ್ಳಿಬಿಟ್ಟವರು ಅದರ ಒಂದು ಬಾಗಿಲನ್ನು ಮಾತ್ರ ನೋಡಿ ಮನೆಯೇ ಇಷ್ಟೆಂದು ತಿಳಿದರು. ಅದನ್ನು ಆದರದಿಂದ ಬರಮಾಡಿಕೊಂಡವರಲ್ಲಿಯೂ ಹೆಚ್ಚಿನವರು ಆ ಬಾಗಿಲಿನಿಂದಲೇ ಒಳಹೊಕ್ಕರು. ತೋಡಿಯ ಗಾಂಧಾರವನ್ನು ತೂಗಬಲ್ಲ ಬೆರಳಿಗೆ ತಕ್ಕ ನಿರ್ಗಮವನ್ನು ನಿರ್ಮಿಸುವ ಯಂತ್ರಜ್ಞನೂ, ಹಾಗೆ ನಿರ್ಮಿಸಬೇಕೆಂದು ಕೇಳುವ ವಿದ್ವಾಂಸನೂ ಒಂದೆಡೆ ಕುಳಿತು ಕೆಲಸಮಾಡಿದರೆ ಈ ಕೊರತೆಯು ತುಂಬೀತು. ಪಶ್ಚಿಮದ ಎರಡು ವಾದ್ಯಗಳೂ ರಚಕನು ಯಂತ್ರಕಾರನ ಬಳಿಗೆ ಹೋಗಿ ತನಗೆ ಬೇಕಾದುದನ್ನು ಕೇಳಿದುದರಿಂದಲೇ ಹುಟ್ಟಿದವು ಎಂಬುದನ್ನು ನಮ್ಮ ವಿದ್ವಾಂಸರು ಗಮನಿಸಬೇಕು.